ಪಟ್ಟಿ ಗುಲಾಬಿಯ ಸುದ್ದಿ

ಸುಕನ್ಯಾ,

ತವರಿಂದ ಬಂದ ಕೂಡ್ಲೇ ಹಿತ್ತಲಕ್ಕ ಹೋಗಬ್ಯಾಡ, ಮೊದಲ ಇದನ್ನ ಓದು.

ನಿನ್ನ ಬಳ್ಳಿ ಗುಲಾಬಿ ಈ ಥಂಡಿಗೆ ಮೊದಲ ಸಲ ಮೂರು ಹೂವು ಬಿಟ್ಟಿತ್ತು. ಕೆಂಪು ಎಸಳಿನ ಮ್ಯಾಲೆ ಬಿಳಿ ಪಟ್ಟಿ ಕಂಡು, ರೋಗ ಬಿದ್ದೈತಿ ಅಂತ ತಿಳಿದು ಮೂರನ್ನೂ ಕಿತ್ತು ಸುಟ್ಟೆ. ಮೆಣಸಿನಗಿಡ ನೋಡಿ ಬೆಳೆದ ಕಣ್ಣು ನಂದು. ಬಾಜೂ ಮನಿ ಹಾಜರಾಬಿ ಹಣಿ ಬಡಕೊಂಡು, "ಅಯ್ಯ ಅಣ್ಣಾರ, ಅದರ ಜಾತೀನ ಹಂಗ ಐತ್ರಿ! ಆ ಪಟ್ಟಿ ನೋಡಾಕಂತ ಸುಕನ್ಯಾ ಎರಡು ವರ್ಷ ಕಾದಾಳ" ಅಂದ್ಲು.

ಗ್ವಾಡಿ ಕಡೆ ಒಂದು ಮೊಗ್ಗು ಉಳದೈತಿ. ಅದಿರೋ ಉದ್ದನ ಕೊಂಬಿ ಕಡದಿಲ್ಲ. ನೀ ಹೇಳಿದಂಗ ಅಡ್ಡ ಬಗ್ಗಿಸಿ, ಸೀರಿ ಅಂಚಿಲೆ ಕಟ್ಟೇನಿ. ಹರಕ ಸೀರಿ, ಹೆದರಬ್ಯಾಡ. ಔಷಧ ಹೊಡದಿಲ್ಲ. ನೀರು ಬಿಸಿಲೇರಿದ ಮ್ಯಾಲೆ ಬುಡಕ್ಕಷ್ಟ ಹಾಕು. ಸಂಜೀಕ ಎಲಿ ತೊಯ್ದ್ರ ಬೂದಿ ಹಿಡಿತೈತಿ, ಅದು ಖರೇನ ರೋಗ.

ಅನ್ನ, ಸಾರು ಮುಚ್ಚಿಟ್ಟೇನಿ. ಸುಳ್ಳ ಊರಿನ ಹೊಲಕ್ಕ ಹೊಂಟೇನಿ. ಬೈಯೋದಿದ್ರ ಸಂಜಿಗೆ ಮನಿಗೆ ಬಂದ ಮ್ಯಾಲೆ ಬೈ. ಫೋನಿನ್ಯಾಗ ಬ್ಯಾಡ, ಕಡ್ಲಿ ಹೊಲದಾಗ ಆಳು ಇರ್ತಾರ, ನಿನ್ನ ದನಿ ಅವರಿಗೂ ಕೇಳತೈತಿ.

ಮೈಲಾರಿ