ಒಂದೆಳೆ ಕಾಂಟ್ಯಾಕ್ಟ್

ಜನವರಿ 12, 2021, ಮಂಗಳವಾರ. ಕಾರ್ಕ್

ಇವತ್ತೂ ಕ್ಯಾರೆಟ್ ಹುಳಿ. ಕೊರೋನಾ ಲಾಕ್‌ಡೌನು, ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂದು ಈ ಪರದೇಶದ ಸರ್ಕಾರದ ಅಪ್ಪಣೆ. ನಮ್ಮ ಸೊಪ್ಪು ಸಿಗುವ ಅಂಗಡಿ ಅದರಾಚೆ. ಮಗ ವೆಂಕಟೇಶಮೂರ್ತಿ ದೂರದ ಸ್ಲೈಗೋ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು, ಕೊರೋನಾ ವಾರ್ಡು. ತನ್ನಿಂದ ನನಗೆ ಅಂಟೀತೆಂದು ಕ್ರಿಸ್‌ಮಸ್ಸಿಗೆ ಮುಂಚೆ ಮೊಮ್ಮಗಳು ಕೃತಿಯ ಹತ್ತಿರ ತಂದು ಬಿಟ್ಟ. ಆಮೇಲೆ ದಾರಿ ಮುಚ್ಚಿತು. ಈಗ ನಾನು, ಕೃತಿ, ಮಳೆ.

ಸಂಜೆ ಕಾಲೇಜಿನಿಂದ ಕುಣಿಯುತ್ತ ಬಂದಳು.

"ಅಜ್ಜೀ, ಕಾಂಟ್ಯಾಕ್ಟ್ ಸಿಕ್ತು! ಸಿಂಗಲ್!"

"ಯಾವನೇ ಅವನು? ಕೆಲಸದಲ್ಲಿ ಅವ್ನಾ?"

ಬಿದ್ದು ಬಿದ್ದು ನಕ್ಕಳು. ಅವಳು ಹೇಳಿದ್ದು ಚಿನ್ನದ ತಂತಿಯ ವಿಷಯವಂತೆ. ಯಂತ್ರದಲ್ಲಿಟ್ಟು ಮೆಲ್ಲಗೆ ಎಳೆಯುತ್ತಾರೆ. ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಕೊನೆಗೆ ಎರಡು ತುದಿಗಳ ನಡುವೆ ಚಿನ್ನದ ಒಂದೇ ಒಂದು ಪರಮಾಣು. ಅದಕ್ಕೆ ಕಾಂಟ್ಯಾಕ್ಟ್ ಎಂದು ಹೆಸರು.

"ಒಂದೆಳೆ ಪಾಕ ಅನ್ನು" ಎಂದೆ. ಪಾಕ ಹಿಡಿದಂತೆ ಎರಡು ಬೆರಳು ಬಿಡಿಸಿ ತೋರಿಸಿದೆ.

"ಅಜ್ಜಿ, ಎಕ್ಸಾಕ್ಟ್ಲಿ! ಅದ್ರಲ್ಲಿ ಕರೆಂಟ್ ಬಿಡ್ತೀವಿ. ಸೆಕೆಂಡಿಗೆ ನೂರಾರು ಕೋಟಿ ಸಲ ಹಿಂದೆ ಮುಂದೆ ಓಡಾಡೋ ಕರೆಂಟ್."

ಅಷ್ಟು ಚಡಪಡಿಕೆ ನಮ್ಮತ್ತೆಗೂ ಇರಲಿಲ್ಲ.

ಜನವರಿ 14, ಸಂಕ್ರಾಂತಿ

ಎಳ್ಳು ಇತ್ತು, ಬೆಲ್ಲ ಇರಲಿಲ್ಲ. ಸಕ್ಕರೆ ಹಾಕಿದೆ. ದೇವರು ಅಡ್ಜಸ್ಟ್ ಮಾಡಿಕೊಳ್ಳಲಿ, ನಾವು ಮಾಡಿಕೊಂಡಿಲ್ಲವೇ.

ಎಳೆ ಇನ್ನೂ ನಿಂತಿದೆ. ಲ್ಯಾಪ್‌ಟಾಪಿನಲ್ಲಿ ಮನೆಯಿಂದಲೇ ಕಾಣುತ್ತದೆ. ಕೃತಿ ಊಟ ಮಾಡುವಾಗಲೂ ಕಣ್ಣು ಅಲ್ಲೇ. ಇಷ್ಟು ಗಟ್ಟಿಯಾದದ್ದು ಒಂದು ವರ್ಷದಿಂದ ಸಿಕ್ಕಿರಲಿಲ್ಲವಂತೆ. ಅರ್ಧ ಅಳತೆ ಆಗಿದೆ. ಉಳಿದರ್ಧವನ್ನೂ ಇದೇ ಎಳೆಯಲ್ಲಿ ಅಳೆಯಬೇಕು, ಬೇರೆಯದು ಆಗದು. ತಿಂಗಳ ಕೊನೆಗೆ ಯಂತ್ರ ಬೇರೆಯವರ ಪಾಲು.

ಯಂತ್ರಕ್ಕೆ ಘೋರ ಚಳಿ ಬೇಕು. ಹೀಲಿಯಂ ಎಂಬ ದ್ರವವನ್ನು ನಾಲ್ಕೈದು ದಿನಕ್ಕೊಮ್ಮೆ ತುಂಬಬೇಕು, ತಪ್ಪಿದರೆ ಹೆಚ್ಚೆಂದರೆ ಇನ್ನೊಂದು ನಾಲ್ಕೈದು ದಿನ ತಡೆದೀತು. ಬೆಚ್ಚಗಾದರೆ ಎಳೆ ಕಡಿಯುತ್ತದೆ.

"ಇದು ಹೋದ್ರೆ ನನ್ನ ಥೀಸಿಸ್ಸೂ ಹೋಯ್ತು ಅಜ್ಜಿ."

"ಬಿಡ್ತು ಅನ್ನು" ಎಂದೆ.

ಜನವರಿ 15

ಹೀಲಿಯಂ ತುಂಬಲು ಹೊರಡುವ ದಿನ. ಕೃತಿ ಸ್ನಾನಕ್ಕೆ ಹೋಗಿದ್ದಳು. ಅವಳ ಫೋನು ಬಡಿದುಕೊಂಡಿತು. ಕಾಲೇಜಿನವರು. ಒಳಗೆ ಬಿಡುವ ಮುಂಚೆ ಅಲ್ಲಿಯ ಹೆಂಗಸೊಬ್ಬಳು ಫೋನು ಮಾಡಿ ಏನೇನೋ ಪ್ರಶ್ನೆ ಕೇಳಿಯೇ ಕೇಳುತ್ತಾಳೆ. ಎತ್ತದಿದ್ದರೆ ಆ ದಿನ ಬಿಡುವುದಿಲ್ಲ. ಅದಕ್ಕೇ ಎತ್ತಿದೆ.

"ಎನಿ ಕಾಂಟ್ಯಾಕ್ಟ್?"

ಈ ಪದ ನನಗೆ ಗೊತ್ತು!

"ಯೆಸ್ ಯೆಸ್. ಕಾಂಟ್ಯಾಕ್ಟ್. ಒನ್."

"ಕ್ಲೋಸ್ ಕಾಂಟ್ಯಾಕ್ಟ್?"

ನಡುವೆ ಇರುವುದೇ ಒಂದು ಪರಮಾಣು, ಇನ್ನೆಷ್ಟು ಹತ್ತಿರ ಬೇಕು ಇವಳಿಗೆ.

"ವೆರಿ ವೆರಿ ಕ್ಲೋಸ್" ಎಂದೆ. ಅವಳು ಉದ್ದಕ್ಕೆ ಏನೋ ಹೇಳಿದಳು. ಸರಿ, ಪರವಾಗಿಲ್ಲ ಎನ್ನಲು ಇಲ್ಲಿ ಎಲ್ಲದಕ್ಕೂ ಹೇಳುವ ಮಾತು ಒಂದಿದೆಯಲ್ಲ — "ಗ್ರ್ಯಾಂಡ್" ಎಂದು ಫೋನು ಇಟ್ಟೆ. ಮೊಮ್ಮಗಳ ಮಾನ ಕಾಪಾಡಿದೆನೆಂಬ ಬಿಂಕ ಬೇರೆ.

ಕಾಲೇಜಿನ ಬಾಗಿಲು ತೆಗೆಯುವ ಕೃತಿಯ ಕಾರ್ಡು ಬಂದ್. ಹದಿನಾಲ್ಕು ದಿನ. ಕಾಂಟ್ಯಾಕ್ಟ್ ಎಂದರೆ ಕೊರೋನಾದವರ ಹತ್ತಿರ ಇದ್ದವಳು ಎಂದರ್ಥವಂತೆ. ಒಂದೇ ಪದಕ್ಕೆ ಎರಡು ಸಂಸಾರ. ನನಗೆ ಯಾರು ಹೇಳಿದ್ದರು?

"ಯಾಕೆ ಎತ್ತಿದ್ರಿ ಅಜ್ಜೀ..." ಅಷ್ಟೇ ಕೇಳಿದಳು.

ಜನವರಿ 16

ಮುಂಜಾನೆಯಿಂದ ಕೃತಿ ಫೋನಿನಲ್ಲೇ. ಚಿನ್ನದ ವಿಷಯ ಹೇಳಿದರೆ ಆ ಹೆಂಗಸು, ಒಳಗೆ ಹೋಗಬೇಕಾದವರೆಲ್ಲ ಏನಾದರೊಂದು ಹೇಳುತ್ತಾರೆ ಎಂದಳಂತೆ. ಟೆಸ್ಟ್ ಮಾಡಿಸಿ ತೋರಿಸೋಣವೆಂದರೆ, ಕೆಮ್ಮು ಜ್ವರ ಇಲ್ಲದವರಿಗೆ ಈಗ ಟೆಸ್ಟೇ ಇಲ್ಲ. ಥೀಸಿಸ್ಸಿನ ಗೈಡ್ ಮುದುಕರು, ದೂರದ ಕ್ಲಾಂಡಾಲ್ಕಿನ್‌ನಲ್ಲಿದ್ದಾರೆ, ಉಬ್ಬಸ. ಹೀಲಿಯಂ ತುಂಬಲು ಕಲಿತ ಇನ್ನೊಬ್ಬ ಹುಡುಗ ಇಂಡಿಯಾಕ್ಕೆ ಹೋಗಿ ಸಿಕ್ಕಿಕೊಂಡಿದ್ದಾನೆ.

ಎಲ್ಲರೂ ಸಾರಿ ಎನ್ನುತ್ತಾರೆ. ಬೀಗ ಮಾತ್ರ ಯಾರೂ ತೆಗೆಯುವುದಿಲ್ಲ.

ಜನವರಿ 18, ಬೆಳಿಗ್ಗೆ

ಹೀಲಿಯಂ ತಳ ಕಂಡಿದೆ. ಸುಮ್ಮನೆ ಕೂರಲು ಆಗಲಿಲ್ಲ. ಕೃತಿ ಕಸ ಇಡಲು ಹೊರಗೆ ಹೋದಾಗ ಅವಳ ಫೋನಿನಿಂದ ಆ ನಂಬರಿಗೇ ಒತ್ತಿದೆ. ಮಾತು ಬಾಯಿಪಾಠ ಮಾಡಿದ್ದೆ.

"ಕೃತಿ ಗ್ರ್ಯಾಂಡ್‌ಮದರ್. ನೋ ಪೀಪಲ್ ಕಾಂಟ್ಯಾಕ್ಟ್. ಗೋಲ್ಡ್ ಕಾಂಟ್ಯಾಕ್ಟ್. ಗೋಲ್ಡ್."

"ಕೋಲ್ಡ್?"

ಯಂತ್ರ ತಣ್ಣಗಿರುವುದು ಇವಳಿಗೂ ಗೊತ್ತಿದೆಯಲ್ಲ ಎಂದು ಖುಷಿಯಾಯಿತು.

"ಯೆಸ್, ಯೆಸ್! ವೆರಿ ಕೋಲ್ಡ್!"

"ಆಂಡ್ ಎ ಕಾಫ್?"

ಕಾಫಿ ಯಾಕೆ ಕೇಳುತ್ತಾಳೆ ಎಂದು ನಾನು ಯೋಚಿಸುತ್ತಿರುವಾಗಲೇ ಕೃತಿ ಬಂದು ಫೋನು ಕಿತ್ತುಕೊಂಡಳು. ತಡವಾಗಿತ್ತು. ಕೃತಿಗೆ ಶೀತ ಇದೆ ಎಂದೂ ಬರೆದುಕೊಂಡಾಗಿತ್ತು.

ಮಧ್ಯಾಹ್ನ ಮಗ ಫೋನು ಮಾಡಿದ. ಡ್ಯೂಟಿ ಮುಗಿಸಿದ ದನಿ, ಬತ್ತಿದ ದನಿ.

"ಅಮ್ಮಾ, ಇನ್ಮೇಲೆ ಅವಳ ಫೋನ್ ಮುಟ್ಟಬೇಡ."

"ನೀನು ಡಾಕ್ಟ್ರಲ್ವೇನೋ? ಆ ಮಹಾತಾಯಿಗೆ ಒಂದು ಮಾತು ಹೇಳೋಕಾಗಲ್ವಾ?"

"ಹೇಳ್ದೆ ಅಮ್ಮ. ಬರೆದು ಕೊಡಿ ಅಂದ್ರು. ಅವಳನ್ನ ಕಣ್ಣಲ್ಲಿ ನೋಡದೇನೇ ನಾನು ಏನಂತ ಬರೆದು ಕೊಡ್ಲಿ?"

ಹೆತ್ತವಳಿಗೆ ಎದುರುತ್ತರ ಕೊಡಲು ಬರುತ್ತದೆ ಇವನಿಗೆ. ಬೇರೇನೂ ಬರುವುದಿಲ್ಲ.

ಜನವರಿ 20, ಮಧ್ಯಾಹ್ನ

ಹೀಲಿಯಂ ಮುಗಿಯಿತು. ಯಂತ್ರ ಬೆಚ್ಚಗಾಗುತ್ತಿದೆ. ಕಾಲೇಜು ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಇಬ್ಬರೂ ಇಲ್ಲಿ ಕುಳಿತು ನೋಡಿದೆವು. ಪರದೆಯ ಮೇಲೆ ಎರಡು ಗೆರೆ. ಮೇಲಿನದು ನಡುಗಿತು. ಮತ್ತೆ ನಡುಗಿತು. ಧೊಪ್ಪೆಂದು ಬಿತ್ತು.

ಕೆಳಗಿನದು ಓಡುತ್ತಲೇ ಇತ್ತು. ಕುಗ್ಗಿತ್ತು, ಆದರೂ ಇತ್ತು.

"ಇಲ್ನೋಡೇ, ಐತಲ್ಲ! ಇನ್ನೂ ಐತೆ!" ಎಂದು ಕೂಗಿದೆ.

"ಎಳೆ ಹೋಯ್ತು ಅಜ್ಜಿ." ಕೃತಿ ತಿರುಗಲಿಲ್ಲ. "ಇದು ಫಾಸ್ಟ್ ಕರೆಂಟ್. ಮಧ್ಯೆ ಏನೂ ಇಲ್ದಿದ್ರೂ ಸ್ವಲ್ಪ ಆಚೆಗೆ ದಾಟುತ್ತೆ. ಬರೀ ಸೋರಿಕೆ."

"ಅದು ಉಪಯೋಗಕ್ಕೆ ಬರಲ್ವಾ?"

"ಒಟ್ಟು ಅಳತೆಯಿಂದ ಈ ಸೋರಿಕೇನ ಕಳೀಬೇಕು. ಎಳೇದು ಪೂರ್ತಿ ಅಳೆದಿದ್ರೆ ಉಪಯೋಗಕ್ಕೆ ಬರ್ತಿತ್ತು."

ಅದನ್ನೇ ಅಳೆಯುತ್ತ ಕುಳಿತಿದ್ದಾಳೆ. ಮೊಸರನ್ನ ಕಲಸಿ ಇಟ್ಟೆ. ಮುಟ್ಟಿಲ್ಲ. ಪಕ್ಕದಲ್ಲಿ ಕುಳಿತೆ. "ಬಯ್ಯೇ ನನ್ನ" ಎಂದೆ. ಬಯ್ಯಲಿಲ್ಲ. "ಗ್ರ್ಯಾಂಡ್ ಅಜ್ಜಿ, ಇಟ್ಸ್ ಗ್ರ್ಯಾಂಡ್" ಎಂದಳು. ಬಯ್ದಿದ್ದರೆ ನಾನೂ ತಿರುಗಿ ನಾಲ್ಕು ಬಯ್ದು, ಅವಳೂ ಅತ್ತು, ನಾನೂ...