ಮೊದಲ ವಾರದ ಅಳತೆ

ಮಾರ್ಚ್ ೧೧, ಮಂಗಳವಾರ

ಸಾಕಾಗಿಹೋಗಿದೆ. ಇವತ್ತೂ ಹೊಟ್ಟೆಗೆ ಅಂಟಿಸಿದ ಮಲದ ಚೀಲ ಸೋರಿತು, ಅದೂ ಗಿರಾಕಿಯ ತೋಳು ಅಳೆಯುತ್ತಿದ್ದಾಗ. ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ತಂದಿಟ್ಟ ಈ ಕರುಳಿನ ಬಾಯಿಯ ಸುತ್ತ ಚರ್ಮ ಕೆಂಡದಂತೆ ಉರಿಯುತ್ತಿದೆ.

ಸಂಜೆ ನರ್ಸಮ್ಮ ಬಂದು ಬಿಚ್ಚಿ ನೋಡಿದಳು. "ಟೇಲರಣ್ಣ, ಚೀಲದ ತೂತು ಇಷ್ಟು ದೊಡ್ಡದಾಗಿ ಯಾಕೆ ಕತ್ತರಿಸಿದ್ರಿ?"

ಆಸ್ಪತ್ರೆಯವರು ತೆಗೆದ ಮೊದಲ ವಾರದ ಅಳತೆ ಅದು. ಕಸುಬಿನ ಚಾಳಿ, ಇಪ್ಪತ್ತು ಚೀಲವನ್ನೂ ಒಟ್ಟಿಗೇ ಕತ್ತರಿಸಿಟ್ಟಿದ್ದೆ.

"ಊತ ಇಳಿದು ಕರುಳಿನ ಬಾಯಿ ಚಿಕ್ಕದಾಗಿದೆ, ಸಂದಿಯಿಂದ ಸೋರ್ತಿದೆ. ಪ್ರತಿ ಸಲ ಅಳೀರಿ ಅಂದಿರ್ಲಿಲ್ವಾ?"

ಮರೆತೆ ಅಂದೆ. ಸುಳ್ಳು. ಅಳೆಯಬೇಕಾದರೆ ನೋಡಬೇಕಲ್ಲ! ಆರು ವಾರದಿಂದ ಮುಖ ತಿರುಗಿಸಿಕೊಂಡೇ ಅಂಟಿಸುತ್ತಿದ್ದೇನೆ.

ನಾಳೆ ಬಂದು ನನ್ನ ಕೈಯಿಂದಲೇ ಅಳೆಸುತ್ತಾಳಂತೆ. ಊರವರ ಮೈಗೆಲ್ಲ ಟೇಪು ಹಿಡಿದವನು ನನ್ನ ಹೊಟ್ಟೆಗೆ ಹಿಡಿಯಲಾರೆ. ಒಮ್ಮೆ ನೋಡಿದೆನೆಂದರೆ ಅದು ನನ್ನದೇ ಆಗಿಬಿಡುತ್ತದೆ.