ಕೊನೆಯ ಸಾಲು ಮೊದಲಿಗೆ

ಅಮ್ಮಾ,

ನಾವು ಆಸ್ಪತ್ರೆಗೆ ಹೋಗದೆ ಕಾದು ಕೂತು ತಮ್ಮನನ್ನು ಕಳೆದುಕೊಂಡ ದಿನವನ್ನು ನಿನ್ನ ಲೇಖನದಿಂದ ತೆಗೆದೆ ಅಂತ ನನ್ನ ಜೊತೆ ಮಾತು ಬಿಟ್ಟಿದ್ದೀಯ. ತೆಗೆದಿಲ್ಲಮ್ಮ, ಕೆಳಗಿಳಿಸಿದ್ದೇನೆ. ಈಗ ಜನ ಚಾಟ್‌ಬಾಟನ್ನೇ ಕೇಳುತ್ತಾರೆ. ಅದು ನಮ್ಮ ಲೇಖನದಿಂದ ಉತ್ತರ ಹೆಕ್ಕಬೇಕಾದರೆ ತಲೆಬರಹದಲ್ಲಿ ಪ್ರಶ್ನೆ, ಮೊದಲ ಸಾಲಿನಲ್ಲೇ ಉತ್ತರ ಸಿಗಬೇಕು. ನಮ್ಮ ಆಫೀಸಿನ ವೆಬ್‌ಸೈಟಿನ ಲೇಖನಗಳನ್ನು ಹಾಗೆ ಜೋಡಿಸುವುದೇ ನನ್ನ ಕೆಲಸ. ಅದಕ್ಕೇ ‘ಭೇದಿಯಾದ ಮಗು ಉಚ್ಚೆ ಮಾಡದಿದ್ದರೆ ಎಷ್ಟು ಹೊತ್ತು ಕಾಯಬಹುದು?’ ಅಂತ ಬರೆದು, ನಿನ್ನ ಕೊನೆಯ ಸಾಲನ್ನು ಮೇಲೆ ತಂದೆ: ‘ಆರು ಗಂಟೆ ದಾಟಲು ಬಿಡಬೇಡಿ, ಆಸ್ಪತ್ರೆಗೆ ಓಡಿ.’

ನಿನ್ನೆ ಒಬ್ಬ ತಾಯಿ ಆಫೀಸಿಗೆ ಫೋನ್ ಮಾಡಿದ್ದಳು. ಚಾಟ್‌ಬಾಟ್ ಆ ಸಾಲು ಹೇಳಿ, ನಮ್ಮ ಲೇಖನ ತೋರಿಸಿತಂತೆ. ಅವಳ ಮಗು ಉಳಿಯಿತು. ಲೇಖನವನ್ನು ಕೆಳಗಿನವರೆಗೂ ಓದಿ ಅಂದೆ. ಓದಿ ಮುಗಿಸಿ ಅವಳು ಕೇಳಿದ್ದು ತಮ್ಮನ ಹೆಸರನ್ನು.

ಅದನ್ನು ನೀನು ಬರೆದೇ ಇಲ್ಲ. ಹೇಳಲೇನಮ್ಮ?

ನಿನ್ನ ಮಗಳು